ಜಯಕ್ಕನಿಗೆ ಕೊಟ್ಟ ಚೀಟಿ

ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಜಯಕ್ಕ ಲೋಕದ ಮಾತೆಲ್ಲ ಆಡುತ್ತಿದ್ದಳು. ಒಂದೂ ಕೆಳಗೆ ಬೀಳುತ್ತಿರಲಿಲ್ಲ. ಬೂಕನಕೆರೆಯಲ್ಲಿ ನಮ್ಮ ಗೋಡೆಗೆ ಅಂಟಿದ ಮನೆ ಅವಳದು, ಜಗಲಿಯ ಮೇಲೆ ಹೊಲಿಗೆ ಮಿಷನ್ನು. ಮಕ್ಕಳ ಬಟ್ಟೆ ಹೊಲಿದರೆ ಒಳಗಡೆ ನಾಲ್ಕು ಬೆರಳಷ್ಟು ಮಡಚಿ ಬಿಡುತ್ತಿದ್ದಳು. ಬಟ್ಟೆ ದಂಡ ಎಂದು ಯಾರಾದರೂ ಗೊಣಗಿದರೆ, "ಬೆಳ್ಯೋ ಮಗ ಕಣವ್ವ. ಮುಂದಿನ್ ವರ್ಸ ಬಿಚ್ಕೊಡ್ತೀನಿ, ತಕ್ಕೊಂಡೋಗು" ಎಂದು ಗದರುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ.

ನನಗೂ ಮದುವೆಯಾಗಿ ಆರು ವರ್ಷ ಮಕ್ಕಳಾಗಿರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಮೈಸೂರಿನ ಡಾಕ್ಟರಮ್ಮನೊಬ್ಬರು ಮಾತ್ರೆ ಬರೆದುಕೊಟ್ಟು, ತಿಂಗಳು ತಿಂಗಳೂ ಸ್ಕ್ಯಾನು ಮಾಡಿ ನೋಡಿ, ಕೊನೆಗೆ ಮಗಳು ಹುಟ್ಟಿದಳು. ಮನೆದೇವರ ಹರಕೆ ಫಲಿಸಿತು ಎಂದು ನನ್ನತ್ತೆ ಊರಿಗೆಲ್ಲ ಹೇಳಿದರು. ಮಾತ್ರೆ ನುಂಗಿ ಹೆತ್ತವಳು ಅನ್ನಿಸಿಕೊಳ್ಳುವುದು ನನಗೂ ಬೇಕಿರಲಿಲ್ಲ. ಹೂಂಗುಟ್ಟಿದೆ.

ಜಯಕ್ಕ ಮಾತ್ರ ನಂಬಲಿಲ್ಲ. ಮಗಳಿಗೆ ಲಂಗದ ಅಳತೆ ತೆಗೆಯುತ್ತ, "ದ್ಯಾವ್ರು ನಿಮ್ಮತ್ತೆಗೆ ಯೋಳಿದ್ದು ಇರ್ಲಿ ಸುನಂದವ್ವ. ಡಾಕ್ಟ್ರು ನಿಂಗೇನು ಯೋಳುದ್ರು, ಅದ್ನ ಯೋಳು" ಎಂದಳು. ಯಾರಿಗೂ ಬಾಯಿಬಿಡಬಾರದು ಎಂದೆ. ಅವಳು ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆಮೇಲೆ ಮಾತ್ರೆಯ ವಿಷಯ ಹೇಳಿದೆ.

ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಬಹುದಿತ್ತು. ನನ್ನ ಗುಟ್ಟು ಬಯಲಾದೀತೆಂದು ಹೋಗಲಿಲ್ಲ. ಸ್ಕ್ಯಾನಿನ ಮಾತನ್ನೂ ಎತ್ತಲಿಲ್ಲ. ನನ್ನ ಹಳೆಯ ಮಾತ್ರೆ ಚೀಟಿ ಕೊಟ್ಟು ಕೈತೊಳೆದುಕೊಂಡೆ. ಅವಳು ಕೆ.ಆರ್. ಪೇಟೆಯ ಔಷಧಿ ಅಂಗಡಿಗೆ ಹೋಗಿಬಂದು, "ಸುನಂದಮ್ಮ ಯಾರು ಅಂದ. ನಾನೇ ಕಣಪ್ಪಾ ಅಂದ್ಬುಟ್ಟೆ!" ಎಂದು ನಕ್ಕಳು. ಮೂರನೇ ತಿಂಗಳು ತಾನಾಗಿಯೇ ದುಪ್ಪಟ್ಟು ನುಂಗತೊಡಗಿದಳು. "ನಿಂದು ಎಳೇ ಮೈ, ನಂದು ಒಂದ್ಕೆಲ್ಲ ಕೇಳಕಿಲ್ಲ" ಎಂದಾಗ ನಾನೂ ನಕ್ಕುಬಿಟ್ಟೆ.

ಮುಟ್ಟು ತಪ್ಪಿ ನಾಲ್ಕು ದಿನವಾಗಿರಲಿಲ್ಲ, ಹೊಟ್ಟೆ ಐದು ತಿಂಗಳ ಬಸುರಿಯಂತೆ ಉಬ್ಬಿತು. ಅವಳತ್ತೆ ಹಿಗ್ಗಿನಿಂದ ಹಸಿರು ಬಳೆ ತೊಡಿಸಿದರು. ಅಕ್ಕಪಕ್ಕದವರು ಬಯಕೆಗೆಂದು ಹುಳಿಯನ್ನ, ಕಜ್ಜಾಯ ತಂದರು. ಬಸಿರು ಅಷ್ಟು ಬೇಗ ಹಾಗೆ ಉಬ್ಬುವುದಿಲ್ಲ ಎಂದು ಹೆತ್ತವಳಾದ ನನಗೆ ಗೊತ್ತಿತ್ತು. ನಾನೂ ಒಂದು ಕಜ್ಜಾಯ ತಿಂದೆ.

ಮಾರನೆಯ ದಿನ ವಾಂತಿ, ತಡೆಯಲಾರದ ನೋವು. ಪೇಟೆಗೆ ನಾವೂ ಜೊತೆಗೆ ಹೋದೆವು. ಅಲ್ಲಿನ ಡಾಕ್ಟರು ಕೇಳಿದರು: "ಏನಾದ್ರೂ ಮಾತ್ರೆ ತಗೊಂಡಿದ್ದೀಯಾ?" ಜಯಕ್ಕ ನನ್ನ ಕಡೆ ನೋಡಿದಳು. ಪಕ್ಕದಲ್ಲಿ ನನ್ನತ್ತೆ ನಿಂತಿದ್ದರು. "ಇಲ್ಲ ಸ್ವಾಮಿ" ಅಂದಳು ಜಯಕ್ಕ. ನಾನು ಕಂಕುಳಲ್ಲಿದ್ದ ಮಗಳ ಲಂಗ ಸರಿಮಾಡುತ್ತ ನಿಂತೆ. ಬಸುರಿಯ ವಾಂತಿ ಎಂದು ಅವರು ಗ್ಲೂಕೋಸು ಹಾಕಿ ಕಳಿಸಿದರು.

ಎರಡು ದಿನ ಕಳೆದು ಅವಳ ಗಂಡನಿಗೆ ಪಿನ್ನಿನ ಡಬ್ಬಿಯಲ್ಲಿ ಖಾಲಿ ಮಾತ್ರೆ ಹಾಳೆಗಳು ಸಿಕ್ಕವು. ಮೈಸೂರಿಗೆ ಓಡಿದರು. ಹೊಟ್ಟೆಯಲ್ಲಿ ಇದ್ದದ್ದು ಮಗುವಲ್ಲ, ನೀರು. ಎರಡು ಅಂಡಾಶಯಗಳೂ ಮಾತ್ರೆಯ ದೆಸೆಯಿಂದ ಊದಿ, ತಿರುಚಿಕೊಂಡು ಕೆಟ್ಟಿದ್ದವು, ಎರಡನ್ನೂ ತೆಗೆಯಬೇಕಾಯಿತು. ಮಾತ್ರೆಯ ವಿಷಯ ಮೊದಲೇ ಗೊತ್ತಾಗಿದ್ದರೆ ಒಂದನ್ನಾದರೂ ಉಳಿಸಬಹುದಿತ್ತು ಎಂದರಂತೆ. ಮಾತ್ರೆ ಕೊಟ್ಟವರಾರು ಎಂದು ಗಂಡ ಎಷ್ಟು ಗದರಿದರೂ ಅವಳು ನನ್ನ ಹೆಸರೆತ್ತಲಿಲ್ಲ.

ಮುಂದೆ ಅವರು ಊರು ಬಿಟ್ಟು ನಾಗಮಂಗಲ ಸೇರಿದರು. ಹೊರಟ ದಿನ ಜಯಕ್ಕ ನನ್ನ ಮಗಳ ಹೊಸ ಲಂಗ ತಂದುಕೊಟ್ಟಳು. ಎಂದಿನಂತೆ ನಾಲ್ಕು ಬೆರಳು ಬಟ್ಟೆ ಒಳಗೆ ಬಿಟ್ಟಿದ್ದಳು. ಮಡಿಕೆಯಿಂದ ನನ್ನ ಚೀಟಿ ತೆಗೆದು ಕೈಗಿಟ್ಟಳು.

"ಅವ್ರ ಕೈಗೆ ಸಿಗ್ದಂಗೆ ಮಡಗಿದ್ದೆ, ತಕ್ಕೊ."

"ಅವತ್ತು ಡಾಕ್ಟರ ಹತ್ರ ಹೇಳಬಾರದಿತ್ತಾ ಜಯಕ್ಕ?" ಎಂದು ಕೇಳುವಷ್ಟು ನಾಚಿಕೆಗೆಟ್ಟವಳು ನಾನು.

"ಮಗಿನ್ ತಲೆ ಮ್ಯಾಲೆ ಆಣೆ ಇಕ್ಕಿದ್ನಲ್ಲವ್ವ. ಎಂಗೆ ಯೋಳ್ಲಿ? ಮಗೀಗೆ ಏನಾರ ಆಗ್ಬುಟ್ಟಿದ್ರೆ?"

ಬಸ್ಸು ಬಂತು, ಹೋದಳು. ಮತ್ತೆ ನಾನು ಅವಳನ್ನು ನೋಡಲಿಲ್ಲ. ಮುಂದಿನ ವರ್ಷ ಲಂಗದ ಹೊಲಿಗೆ ಬಿಚ್ಚಲು ಕೂತಾಗ ಕೈ ಬರಲಿಲ್ಲ. ಆಣೆ ಇಟ್ಟವಳು ಜಯಕ್ಕ. ನಾನು ಯಾವ ಆಣೆಯನ್ನೂ ಇಟ್ಟಿರಲಿಲ್ಲ.