ನನ್ನ ಬಗ್ಗೆ ನಾನೇ ಬರೆದ ಪತ್ರ

ತನ್ನನ್ನು ತಾನೇ ಹೊಗಳಿಕೊಳ್ಳುವವನು ಅಧೋಗತಿಗೆ ಇಳಿಯುತ್ತಾನೆ ಎಂಬುದು ಲೋಕಸತ್ಯ. ಕೆನಡಾದಲ್ಲಿ ಮಾತ್ರ ಅವನಿಗೆ ಪಿಆರ್, ಅಂದರೆ ಕಾಯಂ ಆಗಿ ಇಲ್ಲೇ ಇರುವ ಹಕ್ಕು, ಸಿಗುತ್ತದೆ.

ಈ ಜ್ಞಾನ ನನಗೆ ತಡವಾಗಿ ಬಂತು. ಆಗ ನಾನು ಎಟೋಬಿಕೋ ಎಂಬ ಊರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ಮಶೀನು ನಡೆಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಹನ್ನೆರಡು ವರ್ಷ ಮಾಡಿದ್ದೂ ಅದನ್ನೇ; ಕಬ್ಬಿಣಕ್ಕೆ ದೇಶ ಬದಲಾದದ್ದು ಗೊತ್ತಾಗುವುದಿಲ್ಲ. ವರ್ಕ್ ಪರ್ಮಿಟಿನ ಮೇಲೆ ಮಾಲಕರ ಕಂಪನಿಯ ಹೆಸರೇ ಅಚ್ಚಾಗಿತ್ತು. ಬೇರೆಯವರ ಹತ್ತಿರ ಒಂದು ಸ್ಕ್ರೂ ತಿರುವಿದರೂ ಅಪರಾಧ. ನನ್ನ ಮದುವೆಯಲ್ಲಿ ಕೂಡ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಮಾಲಕರು ಎಂಬತ್ತರ ಹತ್ತಿರದವರು. ತಾವೂ ಹರೆಯದಲ್ಲಿ ಹಡಗು ಹತ್ತಿ ಬಂದವರೇ. ಒಳಗೆ ಕಾಲಿಟ್ಟರೆ ಮಶೀನಿನ ಎಣ್ಣೆಯ ವಾಸನೆ, ಅದರ ಮೇಲೆ ಅವರ ಕಡುಗಪ್ಪು ಕಾಫಿಯ ವಾಸನೆ. ಹತ್ತೂವರೆಗೆ ಒಂದು ಮರದ ಪೆಟ್ಟಿಗೆಯ ಆಚೀಚೆ ಕೂಡುತ್ತಿದ್ದೆವು. ನನ್ನ ಡಬ್ಬಿಯ ಚಪಾತಿ, ಶೇಂಗಾ ಚಟ್ನಿಯಲ್ಲಿ ಅವರದು ಅರ್ಧ. ಕಣ್ಣು, ಮೂಗು ಎರಡರಲ್ಲೂ ನೀರು ಸುರಿಸುತ್ತ ತಿನ್ನುತ್ತಿದ್ದರು, ಬಿಡುತ್ತಿರಲಿಲ್ಲ. ಅಂಥ ಊಟದ ಜೊತೆಗಾರ ನನಗೆ ಮತ್ತೆ ಸಿಕ್ಕಿಲ್ಲ.

ಪಿಆರ್ ಅರ್ಜಿಗೆ, ನಾನು ಏನೇನು ಕೆಲಸ ಮಾಡುತ್ತೇನೆಂದು ಮಾಲಕರು ಪತ್ರ ಕೊಡಬೇಕಿತ್ತು. "ನೀನ ಬರಿ, ನಾ ಸಹಿ ಮಾಡತೇನಿ" ಅಂದರು. ಅವರು ಆಡಿದ್ದು ಇಂಗ್ಲಿಷು. ನೆನಪಿನಲ್ಲಿ ಅದು ಯಾಕೋ ಧಾರವಾಡದ ಕನ್ನಡವಾಗಿಯೇ ಉಳಿದಿದೆ. ಹಿರಿಯರ ಸಂಸ್ಕಾರಕ್ಕೆ ಚ್ಯುತಿ ಬಾರದಂತೆ ಬರೆದೆ: ಸದರಿಯವರು ಮಾಲಕರ ಮಾರ್ಗದರ್ಶನದಲ್ಲಿ, ಯಂತ್ರದ ಬಳಿ ನಿಂತು, ತಮ್ಮ ಅಲ್ಪ ಸೇವೆಯನ್ನು ಸಲ್ಲಿಸುತ್ತಿದ್ದಾರೆ. ಮಾಲಕರು ಕನ್ನಡಕವಿಲ್ಲದೆ ಸಹಿ ಮಾಡಿದರು. ಕಳಿಸಿದೆ.

ಬರಬರುತ್ತ ಆರ್ಡರುಗಳು ಕಡಿಮೆಯಾಗಿ ಕೆಲಸ ವಾರಕ್ಕೆ ಮೂರೇ ದಿನಕ್ಕೆ ಇಳಿಯಿತು. ಸ್ಟೌಫ್‌ವಿಲ್ ಕಡೆಯ ಕಾರ್ಖಾನೆಯೊಂದು ಕರೆಯಿತು. ಅವರ ಹೆಸರಿನ ಹೊಸ ಪರ್ಮಿಟಿಗೂ ಅರ್ಜಿ ಹಾಕಿದೆ. ಮಾಲಕರಿಗೆ ಮಾತ್ರ ಹೇಳಿರಲಿಲ್ಲ. ಇವತ್ತು ಹೇಳಲೇಬೇಕು ಎಂದು ಹೋಗುವುದು, ಚಪಾತಿ ಮುರಿದು ಕೊಟ್ಟು ಬರುವುದು. ಹೀಗೇ ನಡೆದಿರುವಾಗ ಹೊಸ ಪರ್ಮಿಟು ಬಂತು. ಅದೇ ವಾರ ಪಿಆರ್ ಕಚೇರಿಯ ಪತ್ರವೂ ಬಂತು. ನೀವು ಹೇಳಿದ್ದು ಸಹಾಯಕನ ಕೆಲಸದಂತೆ ಕಾಣುತ್ತದೆ, ನುರಿತ ಕೆಲಸಗಾರನದಲ್ಲ. ಮೂವತ್ತು ದಿನದೊಳಗೆ ಮಾಲಕರಿಂದ ಪೂರ್ತಿ ವಿವರ ಬಾರದಿದ್ದರೆ ಅರ್ಜಿ ತಿರಸ್ಕೃತ.

ಹೆಂಡತಿ ನನ್ನ ಸಾಹಿತ್ಯವನ್ನು ಅವತ್ತೇ ಮೊದಲು ಓದಿದ್ದು.

"ಏನ್ರೀ ಇದು, ಅಲ್ಪ ಸೇವಾ? ಅಲ್ಲೇನ ಗುಡಿಯೊಳಗ ಗಂಟಿ ಬಾರಸ್ತಿದ್ರೇನು?"

"ನಮ್ಮ ಗುಣಾ ನಾವ ಹೆಂಗ ಹೇಳ್ಕೊಳ್ಳೂದು?"

"ಹೇಳ್ಕೊಳ್ಳಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ಸುಮ್ಮನ ಕೂಡೂಣಂತ. ಅಲ್ಲಾ, ಮೊದಲಿಗೆ ಹೊಸಾ ಪತ್ರಕ್ಕ ಸಹಿ ಹಾಕಿಸ್ಕೋರಿ. ಬಿಡೂ ಸುದ್ದಿ ಆಮ್ಯಾಲೆ ಹೇಳ್ರಿ."

ಬುದ್ಧಿವಂತರ ಸಲಹೆ. ಒಪ್ಪಿಕೊಂಡೇ ಮರುದಿನ ಹೋದೆ. ಮಾಲಕರು ಚಟ್ನಿಗೆ ಬೆರಳು ಹಾಕಿದ್ದನ್ನು ನೋಡಿದವನೇ ಎರಡೂ ಸುದ್ದಿಯನ್ನು ಒಟ್ಟಿಗೆ ಹೇಳಿಬಿಟ್ಟೆ. ಅದೂ ಹಿಂದುಮುಂದಾಗಿ, ಬಿಡುವುದನ್ನೇ ಮೊದಲು.

ಅವರು ಚಪಾತಿ ಕೆಳಗಿಟ್ಟು ಕೈ ಒರೆಸಿಕೊಂಡರು. ಕನ್ನಡಕ ಹಾಕಿಕೊಂಡು ಹಳೆಯ ಪತ್ರ ಓದಿದರು.

"ಇದಕ್ಕ ನಾ ಸಹಿ ಮಾಡೇನಿ?"

"ಹೌದ್ರಿ."

"ನೀ ಬರೇ ನಿಂತಿದ್ದಿ ಅಂದ್ರ ಮಶೀನು ಯಾರು ನಡಸತಿದ್ರು? ಸತ್ತ ನಮ್ಮಜ್ಜಿ?"

ಪತ್ರವನ್ನು ಮಡಚಿ ನನ್ನ ಕೈಗಿಟ್ಟರು.

"ಹೋಗು, ಕೆಲಸಾ ನೋಡು."

ಎರಡು ದಿನ ಹತ್ತೂವರೆಗೆ ಅವರು ಪೆಟ್ಟಿಗೆಯ ಹತ್ತಿರ ಬರಲೇ ಇಲ್ಲ. ಒಬ್ಬನೇ ಕೂತು ಇಬ್ಬರ ಚಪಾತಿ ತಿಂದೆ. ಸಹಿ ಏನಾಯಿತೆಂದು ಹೆಂಡತಿ ಕೇಳಿದರೆ "ಓದಾಕತ್ತಾರ" ಅನ್ನುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ನನ್ನ ಲೇಥಿನ ಮೇಲೆ ಎರಡು ಹಾಳೆ, ಅವರದೇ ನಡುಗುವ ಅಕ್ಷರ. ಡ್ರಾಯಿಂಗು ಓದುತ್ತಾನೆ, ಮಶೀನನ್ನು ತಾನೇ ಹೊಂದಿಸುತ್ತಾನೆ, ಟೂಲು ಆರಿಸುತ್ತಾನೆ, ಕೂದಲೆಳೆಯಷ್ಟು ಅಳತೆ ತಪ್ಪಿದರೂ ಹಿಡಿಯುತ್ತಾನೆ. ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಓದುವಾಗ ಕಿವಿ ಬಿಸಿಯಾದವು. ಕೊನೆಗೆ ಕಚೇರಿಯವರು ಕೇಳದೇ ಇದ್ದ ಒಂದು ಸಾಲು: ಇವನನ್ನು ಕಳಿಸಲು ನನಗೆ ಮನಸ್ಸಿಲ್ಲ, ಆದರೆ ಕೊಡಲು ಕೆಲಸವಿಲ್ಲ.

"ಟೈಪ್ ಮಾಡ್ಕೊಂಡು ಬಾ," ಬೆನ್ನು ತಿರುಗಿಸಿಯೇ ಹೇಳಿದರು. "ಒಂದ ಶಬ್ದಾ ಕಡಿಮಿ ಆದ್ರ ಸಹಿ ಮಾಡಂಗಿಲ್ಲ ನೋಡು."

ಎಲ್ಲ ಶಬ್ದವನ್ನೂ ಇಟ್ಟೆ. ಸಹಿ ಮಾಡಿದರು.

ಐದು ತಿಂಗಳಿಗೆ ನನಗೂ ಹೆಂಡತಿಗೂ ಪಿಆರ್ ಬಂತು. ಮಾಲಕರ ವರ್ಕ್‌ಶಾಪು ಅದಕ್ಕಿಂತ ಒಂದು ತಿಂಗಳು ಮೊದಲೇ ಮುಚ್ಚಿತ್ತು.