ನೀಲಕ್ಕ ನೋಡದ ಪಾಸ್‌ವರ್ಡ್

ಹೊಸ ಮಿಕ್ಸರ್ ತಂದರೆ ನೀಲಕ್ಕ ಮೊದಲು ಅದರ ತಳದ ಸ್ಕ್ರೂ ಬಿಚ್ಚುತ್ತಿದ್ದರು, ಚಟ್ನಿ ಆಮೇಲೆ. ಮೂಡಲಗಿಯಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಹಳೆಯ ಲ್ಯಾಪ್‌ಟಾಪಿಗೆ ಅಂಗಡಿಯವನು ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಾಗ ಹಿಗ್ಗಿದ್ದೇ ಹಿಗ್ಗಿದ್ದು. "ಹೊಟ್ಟ್ಯಾಗಿಂದೆಲ್ಲಾ ತೋರಸ್ತೈತಿ ನೋಡ ತಂಗಿ!"

ಅವರ ವೈಫೈಗೆ ಬೀಗವಿರಲಿಲ್ಲ. ಬಿಸಿಲಲ್ಲಿ ಬಂದವರಿಗೆಂದು ಕಟ್ಟೆಯ ಮೇಲೆ ನೀರಿನ ಗಡಿಗೆ ಇಡುತ್ತಿದ್ದರಲ್ಲ, ಇದೂ ಹಾಗೇ. ನಾನೂ ಅದನ್ನೇ ಬಳಸುತ್ತಿದ್ದೆ. ಆದರೆ ನನ್ನ ಕೆಲಸ, ಗಂಡನ ಕೈಲಿ ಏಟು ತಿಂದ ಹೆಂಗಸರ ಮಾತನ್ನು ನನ್ನ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಕರೆಯ ಮೂಲಕ ಕೇಳಿ ಬರೆದುಕೊಳ್ಳುವುದು. ಅದನ್ನು ಯಾರಾದರೂ ಕದ್ದು ನೋಡಿಯಾರು ಎಂದೆ.

"ಗಾಳ್ಯಾಗ ಹೋಗೂದನ್ನ ಹೆಂಗ ಓದ್ತಾರ?" ನೀಲಕ್ಕ ಕುರ್ಚಿ ಎಳೆದುಕೊಂಡರು. ಗೂಢಲಿಪಿ ಎಂದರೇನು, ಕೀಲಿ, ಅಂದರೆ ಪಾಸ್‌ವರ್ಡ್, ಇಲ್ಲದವನಿಗೆ ಏನು ಕಾಣುತ್ತದೆ ಎಂದು ಮಧ್ಯಾಹ್ನವಿಡೀ ನನ್ನ ಜೀವ ತಿಂದರು. ಕೊನೆಗೆ ತಾವೇ ರೌಟರಿಗೆ ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪಿನಲ್ಲೂ ಅದನ್ನೇ ಒತ್ತಿ, ನೆಟ್ ಹತ್ತಿದಾಗ ಚಪ್ಪಾಳೆ ತಟ್ಟಿದರು.

ವಾರದೊಳಗೆ ನೋಡಿದರೆ, ಅವರ ಕಟ್ಟೆಯ ಮೇಲೆ ಒಬ್ಬ ಗಂಡಸು ಮೊಬೈಲಿನಲ್ಲಿ ಸಿನಿಮಾ ನೋಡುತ್ತ ಕೂತಿದ್ದಾನೆ. ಅವನ ಹೆಂಡತಿ ಆ ಮುಂಜಾನೆಯಷ್ಟೇ ಕರೆಯಲ್ಲಿ ನನ್ನೆದುರು ಅತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಕೇಳಿದೆ.

"ಅಕ್ಕಾ, ಇವಗ ಪಾಸ್‌ವರ್ಡ್ ಯಾರ ಕೊಟ್ರು?"

"ನಾನ. ಮನಿ ಮುಂದ ಬಂದ ಕೇಳಿದವರಿಗೆ ಹೆಂಗ ಇಲ್ಲ ಅನ್ನೂದು?"

"ಕೀಲಿ ಗೊತ್ತಿದ್ದವ ಮನಸ ಮಾಡಿದ್ರ ನಂದೂ ಓದಬಹುದ್ರಿ. ಹೆಂಡ್ತಿ ಹೇಳಿದ್ದನ್ನ ಓದಿದ್ರ ಆಕಿನ್ನ ಜೀವಸಹಿತ ಬಿಡಂಗಿಲ್ಲ."

ನೀಲಕ್ಕನ ಮುಖ ಸಣ್ಣದಾಯಿತು. ಲ್ಯಾಪ್‌ಟಾಪ್ ತಂದು ನನ್ನ ತೊಡೆಯ ಮೇಲಿಟ್ಟರು. "ಹೊಸಾದು ನೀನ ಹಾಕ. ನನಗ ಹೇಳಬ್ಯಾಡ. ಗೊತ್ತಿದ್ರ ನಾ ಕೊಟ್ಟ ಬಿಡ್ತೇನಿ."

ನಾನು ರೌಟರಿಗೂ ಅವರ ಲ್ಯಾಪ್‌ಟಾಪಿಗೂ ಹೊಸ ಪಾಸ್‌ವರ್ಡ್ ಒತ್ತಿ ಮುಗಿಸುವವರೆಗೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೇಳಲು ಬಂದವರಿಗೆಲ್ಲ ಆಮೇಲೆ "ಖರೇನ ನನಗ ಗೊತ್ತಿಲ್ಲೋ" ಎನ್ನುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಹೋದ ವರ್ಷ ಅವರನ್ನು ಕೊನೆಯ ಸಲ ನೋಡಿದ್ದು ಹುಕ್ಕೇರಿಯ ಆಸ್ಪತ್ರೆಯೊಂದರಲ್ಲಿ. ಬಹಳ ಸೊರಗಿದ್ದರು. ಮಾತಿಗೆ ಮಾತು ಬಂದು ಕೇಳಿದೆ, "ಅಕ್ಕಾ, ಉಳಿಸಿಟ್ಟ ಪಾಸ್‌ವರ್ಡ್ ನಿಮ್ಮ ಲಿನಕ್ಸಿನಾಗ ಒಮ್ಮೆ ಒತ್ತಿದ್ರ ಕಾಣ್ತೈತಿ. ನಿಮಗದು ಗೊತ್ತಿತ್ತು. ಒಮ್ಮೆರ ನೋಡಲಿಲ್ಲೇನ್ರಿ?"

"ದಿನಾ ಕೈ ಹೋಗತಿತ್ತು. ಹೋದಾಗೆಲ್ಲಾ ಎದ್ದ ಹೋಗಿ ಚಾ ಇಡತಿದ್ದೆ," ಎಂದು ನಕ್ಕರು. ಆಮೇಲೆ, "ಕಟ್ಟಿ ಮ್ಯಾಲ ಕುಂತಿದ್ನಲ್ಲ, ಅವನ ಹೆಂಡ್ತಿ ಹೆಂಗದಾಳ?" ಎಂದರು.

"ಅವನ ಮನಿ ಬಿಟ್ಟಾಳ್ರಿ. ಆರಾಮ ಅದಾಳ."

ನೀಲಕ್ಕ ತಲೆಯಾಡಿಸಿದರು. ಎಲ್ಲಿದ್ದಾಳೆ ಎಂದು ಮಾತ್ರ ಕೇಳಲಿಲ್ಲ.