ಹೆಲ್ಮೆಟ್ಟಿನೊಳಗಿನ ಸಿಂಬಿ

ಹೇನು ನನ್ನ ತಲೆಯಿಂದ ಬಂದದ್ದು. ದುರುಗಮ್ಮನ ತಲೆಯಿಂದಲ್ಲ. ಇದು ನನಗೆ ಆ ದಿನವೇ ಗೊತ್ತಿತ್ತು — ಅನುಮಾನವಾಗಿ ಅಲ್ಲ, ಕಣ್ಣಾರೆ ನೋಡಿ ಖಚಿತ ಮಾಡಿಕೊಂಡ ಸಂಗತಿಯಾಗಿ. ಗೊತ್ತಿದ್ದೂ ಎಲ್ಲರೆದುರು ಎರಡು ಮಾತು ಆಡಿದೆ. ಮೊದಲನೆಯದು ಸುಳ್ಳಲ್ಲ. ಎರಡನೆಯದು ಸುಳ್ಳು. ಹನ್ನೊಂದು ವರ್ಷವಾಯಿತು, ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಇನ್ನೂ ತೀರ್ಮಾನಿಸಲಾಗಿಲ್ಲ.

ನಮ್ಮ ಮನೆ ಹೊಸಪೇಟೆಯಲ್ಲಿ. ನನ್ನ ಕೆಲಸ ಸಂಡೂರು ದಾಟಿ, ಯಶವಂತನಗರದ ಆಚೆ, ಗುಡ್ಡದ ಮೇಲಿನ ಒಂದು ಗಣಿಯ ಸ್ಯಾಂಪಲ್ ರೂಮಿನಲ್ಲಿ. ಮೇಲಿಂದ ಬಂದ ಅದಿರನ್ನು ಕುಟ್ಟಿ, ಜರಡಿ ಹಿಡಿದು, ನುಣ್ಣಗೆ ಪುಡಿ ಮಾಡಿ, ಸೀಸೆಗೆ ತುಂಬಿ ಪರೀಕ್ಷೆಗೆ ಕಳಿಸುವುದು. ಆಗ ನಾವು ಆರು ಜನ ಹೆಂಗಸರು. ಹೆಂಗಸರ ಪಾಲಿಗೆ ಇದ್ದ ಹೆಲ್ಮೆಟ್ಟು ನಾಲ್ಕು. ಗೋಡೆಯ ಮೊಳೆಗಳಿಗೆ ತೂಗುಹಾಕಿರುತ್ತಿದ್ದವು. ಗುಡ್ಡ ಹತ್ತುವವರು ಕೈಗೆ ಸಿಕ್ಕದ್ದನ್ನು ಹಾಕಿಕೊಂಡು ಹೋಗುವುದು, ಬಂದವರು ತೆಗೆದಿಡುವುದು, ಇನ್ನೊಬ್ಬರು ಅದನ್ನೇ ಹಾಕಿಕೊಳ್ಳುವುದು.

ಅವು ಗಂಡಸರ ತಲೆಗೆ ಮಾಡಿದ ಹೆಲ್ಮೆಟ್ಟುಗಳು. ಪಟ್ಟಿ ಎಷ್ಟು ಬಿಗಿದರೂ ನಮ್ಮ ತುರುಬಿನ ಮೇಲೆ ಕೂರುತ್ತಿರಲಿಲ್ಲ, ಹುಬ್ಬಿಗೆ ಜಾರುತ್ತಿದ್ದವು. ದುರುಗಮ್ಮ ಅದಕ್ಕೊಂದು ಉಪಾಯ ಮಾಡಿದಳು. ಯಶವಂತನಗರದವಳು, ಸ್ಯಾಂಪಲ್ ರೂಮಿಗೆ ಬರುವ ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಅದಿರು ಸಾಗಿಸಿದವಳು. ಬುಟ್ಟಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದ ಹಸಿರು ಸೀರೆಯ ತುಂಡನ್ನು ಬಳೆಯಂತೆ ಸುತ್ತಿದ ಸಿಂಬಿಯನ್ನು ಹಾಗೆಯೇ ಹೆಲ್ಮೆಟ್ಟಿನೊಳಗೆ ಕೂರಿಸಿದಳು. ಹೆಲ್ಮೆಟ್ಟು ಅಲ್ಲಾಡದೆ ನಿಂತಿತು. ಅಂದಿನಿಂದ ಎಲ್ಲರಿಗೂ ಸಿಂಬಿ ಹೆಲ್ಮೆಟ್ಟೇ ಬೇಕು. ನನಗೂ.

ಆ ವರ್ಷ ನನ್ನ ಮಗಳು ಶಾಲೆಯಿಂದ ಹೇನು ತಂದಳು. ಅವಳ ಪಕ್ಕ ಮಲಗುವ ನನಗೂ ಬಂತು. ನಮ್ಮತ್ತೆ ಹೇನನ್ನು ಒಂದು ಹುಳವೆಂದು ಎಣಿಸಿದವರಲ್ಲ. ಅದು ಇಂಥವರ ಮನೆಯಲ್ಲಿ ಇರುತ್ತದೆ, ಇಂಥವರ ಮನೆಯಲ್ಲಿ ಇರುವುದಿಲ್ಲ ಎಂದು ನಂಬಿದವರು. ನಮ್ಮದು ಅಕ್ಕಿ ಗಿರಣಿಯ ಮನೆ, ಇರಬಾರದಿತ್ತು. ಬಚ್ಚಲುಮನೆಯ ಚಿಲಕ ಹಾಕಿಕೊಂಡು ಬಾಚಿಕೊಂಡೆ. ಬಿಳಿ ಟವೆಲಿನ ಮೇಲೆ ಒಂದು ಬಿತ್ತು.

ಅದನ್ನು ಕೊಲ್ಲಲಿಲ್ಲ. ಯಾಕೆ ಎಂದರೆ — ನೋಡಬೇಕೆನಿಸಿತು, ಅಷ್ಟೇ. ಸ್ಯಾಂಪಲ್ ಸೀಸೆಯೊಂದರಲ್ಲಿ ಹಾಕಿ ಕೆಲಸಕ್ಕೆ ಒಯ್ದೆ. ಅದಿರಿನ ಕಣ ನೋಡಲು ನಮ್ಮಲ್ಲೊಂದು ಮಸೂರ ಇತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗಿದ್ದಾಗ ಅದರಡಿ ಇಟ್ಟೆ. ಆರು ಕಾಲು, ಪ್ರತಿ ಕಾಲಿನ ತುದಿಯಲ್ಲಿ ಏಡಿಯದರಂಥ ಒಂದು ಕೊಂಡಿ — ಕೂದಲಿನ ದಪ್ಪಕ್ಕೇ ಅಳತೆ ಮಾಡಿಟ್ಟಂತೆ. ರೆಕ್ಕೆಯಿಲ್ಲ. ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಗಾಜಿನ ಮೇಲೆ ನಡೆಯಲು ಪಾಡು ಪಡುತ್ತಿತ್ತು. ಹೊಟ್ಟೆಯಲ್ಲಿ ಕಪ್ಪಾಗಿ ಕಾಣುತ್ತಿದ್ದದ್ದು ನನ್ನದೇ ರಕ್ತ. ಅಸಹ್ಯವಾಗಬೇಕಿತ್ತು, ಆಗಲಿಲ್ಲ. ಇಷ್ಟು ಸಣ್ಣ ಜೀವಿಗೆ ಇಷ್ಟು ಹೆದರುತ್ತೇವಲ್ಲ ಎಂದು ನೋಡುತ್ತಲೇ ಇದ್ದೆ.

ಮಾರನೆಯ ದಿನ ಅದು ಮೆಲ್ಲಗಾಗಿತ್ತು. ಅದರ ಮಾರನೆಯ ಬೆಳಿಗ್ಗೆ ಸತ್ತಿತ್ತು. ಒಂದೇ ಮಾದರಿ ನೋಡಿ ಏನನ್ನೂ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ, ಇನ್ನೊಂದನ್ನು ಹಾಕಿದೆ. ಅದೂ ಎರಡು ದಿನ ದಾಟಲಿಲ್ಲ. ತಲೆ ಬಿಟ್ಟರೆ ಹೇನು ಬದುಕುವುದಿಲ್ಲ — ಇದನ್ನು ನಾನು ಯಾರಿಂದಲೂ ಕೇಳಿ ತಿಳಿದದ್ದಲ್ಲ.

ಆ ವಾರ ದುರುಗಮ್ಮ ರಜೆಯ ಮೇಲಿದ್ದಳು. ತಂಗಿಯ ಹೆರಿಗೆಗೆಂದು ಕಂಪ್ಲಿಗೆ ಹೋಗಿದ್ದಳು. ಅವಳ ಸಿಂಬಿ ಹೆಲ್ಮೆಟ್ಟನ್ನು ಹೆಚ್ಚಾಗಿ ನಾನೇ ಹಾಕಿಕೊಂಡೆ. ಬೇರೆಯದು ಬೇಕು ಎಂದರೆ ಕಾರಣ ಹೇಳಬೇಕಿತ್ತು. ಹೇಳಲಿಲ್ಲ. ವಾರದ ಕೊನೆಗೆ ಇಬ್ಬರು ಮೂವರು ಪೆನ್ಸಿಲಿನಿಂದ ತಲೆ ಕೆರೆದುಕೊಳ್ಳುವುದನ್ನು ಕಂಡೆ. ಆಗಲೂ ಹೇಳಲಿಲ್ಲ.

ದುರುಗಮ್ಮ ವಾಪಸು ಬಂದ ಬೆಳಿಗ್ಗೆ ಕಂಪ್ಲಿಯ ಬಾಳೆಹಣ್ಣು ತಂದಿದ್ದಳು. "ತಂಗೀಗೆ ಗಂಡು ಕೂಸು, ತಗೋರಿ" ಎಂದು ಎಲ್ಲರ ಕೈಗೂ ಒಂದೊಂದು ಕೊಡುತ್ತಿದ್ದಳು. ಅಷ್ಟರಲ್ಲಿ ಶಾಂತಮ್ಮ ಕಿರುಚಿದಳು. ಶಾಂತಮ್ಮ ಜರಡಿ ಹಿಡಿಯುವವಳು, ಸಂಡೂರಿನವಳು, ಬಾಯಿ ಜೋರು. ಅವಳ ಹೆಗಲ ಮೇಲೆ ಹೇನು ಹರಿದಾಡುತ್ತಿತ್ತು. ಗದ್ದಲಕ್ಕೆ ಸೂಪರ್‌ವೈಸರ್ ಬಂದರು.

"ಏನ್ರೀ ಇದು? ಗಣಿ ಐತೋ, ಹೇನಿನ ಸಂತಿ ಐತೋ? ಯಾರ ತಲ್ಯಾಗಿಂದ ಬಂತು, ಹೇಳ್ರಿ."

ಅವರು ಒಬ್ಬೊಬ್ಬರ ತಲೆಯನ್ನೇ ನೋಡುತ್ತ ಬಂದರು. ನನ್ನ ಹತ್ತಿರ ಬರುವ ಮೊದಲು ನಾನು ಹೇಳಿದೆ:

"ಆ ಸಿಂಬಿ ಬಿಚ್ಚಿ ನೋಡ್ರಿ, ಸರ್."

ಇದು ಮೊದಲನೆಯ ಮಾತು. ನೋಡಿ ಎಂದೆ, ಅಷ್ಟೆ. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಸಿಂಬಿ ಯಾರದೆಂದು ಯಾರಿಗೆ ಗೊತ್ತಿರಲಿಲ್ಲ —

ಅವರು ಪೆನ್ನಿನ ತುದಿಯಿಂದ ಸಿಂಬಿಯನ್ನು ಎತ್ತಿ, ಬಿಳಿ ಹಾಳೆಯ ಮೇಲಿಟ್ಟು ಬಿಚ್ಚಿದರು. ಮಡಿಕೆಯೊಳಗಿಂದ ಒಂದು ಹೇನು ಹೊರಬಂತು. ನಡೆಯುತ್ತಿತ್ತು. ಅದು ನಡೆಯುತ್ತಿದ್ದದ್ದೇ ದುರುಗಮ್ಮನ ಪರ ಸಾಕ್ಷಿ. ಎಂಟು ದಿನ ಊರಲ್ಲಿಲ್ಲದವಳ ತಲೆಯಿಂದ ಬಂದ ಹೇನು ಅಲ್ಲಿ ಜೀವಂತ ಇರಲಾರದು. ಆ ಕೋಣೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ.

"ನಾ ಊರಾಗ ಇರ್ಲಿಲ್ಲಲ್ರೀ ಸಾಹೇಬ್ರ," ಎಂದಳು ದುರುಗಮ್ಮ. "ಎಂಟು ದಿನ ಕಂಪ್ಲ್ಯಾಗ ಇದ್ದೆ."

"ಹೋಗೂ ಮುಂದ ಬಿಟ್ಟು ಹೋಗೀಯವ್ವಾ," ಎಂದಳು ಶಾಂತಮ್ಮ. "ನೀ ಅಲ್ಲಿ ಬಾಣಂತನ ಮಾಡಿದಿ, ಅವು ಇಲ್ಲಿ ಮಾಡ್ಕೊಂಡಾವ."

ಎಲ್ಲರೂ ನಕ್ಕರು. ದುರುಗಮ್ಮ ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವು ಓದಿದವ್ರು. ನೀವ ಹೇಳ್ರಿ. ಎಂಟು ದಿನ ಬರೇ ಅರಿವ್ಯಾಗ ಬದುಕ್ತಾವೇನ್ರಿ ಇವು?"

ಅವಳು ಕೊಟ್ಟ ಬಾಳೆಹಣ್ಣು ನನ್ನ ಕೈಯಲ್ಲಿತ್ತು.

"ಯಾರಿಗೆ ಗೊತ್ತವ್ವಾ," ಎಂದೆ.

ಇದು ಎರಡನೆಯ ಮಾತು.

ಸಿಂಬಿಯನ್ನು ಕೋಣೆಯ ಹಿಂದೆ ಸುಟ್ಟರು. ಮರುದಿನದಿಂದ ದುರುಗಮ್ಮನನ್ನು ಕೆಳಗೆ ಲಾರಿ ದಾರಿಗೆ ಹಾಕಿದರು — ತಿರುವಿನಲ್ಲಿ ನಿಂತು ಲಾರಿಗಳಿಗೆ ಕೆಂಪು ಹಸಿರು ಬಾವುಟ ತೋರಿಸುವ ಕೆಲಸ. ನೆರಳಿಲ್ಲ. ಕೆಂಪು ಧೂಳು ಹುಬ್ಬಿನ ಮೇಲೆ ಕೂರುತ್ತದೆ. ನಾಲ್ಕಾರು ದಿನ ಬಿಟ್ಟು ನಮ್ಮ ಗಣಿಯ ಬಸ್ಸಿನಲ್ಲಿ ಅವಳನ್ನು ನೋಡಿದೆ: ಸೊಂಟ ದಾಟುತ್ತಿದ್ದ ಕೂದಲು ಕುತ್ತಿಗೆಗೆ ನಿಂತಿತ್ತು. ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ಎಷ್ಟು ಬಾಚಿದ್ರೂ ಒಂದೂ ಸಿಗ್ಲಿಲ್ರಿ ಅಕ್ಕಾರ. ಆದ್ರ ನಂಬೋರು ಯಾರು? ಸೀಮೆಎಣ್ಣಿ ಹಚ್ಚಿದೆ, ಉರಿ ತಡ್ಯಾಕ ಆಗ್ಲಿಲ್ಲ. ಕತ್ತರಿಸಿ ಒಗದೆ. ಹಗುರ ಆತು ಬಿಡ್ರಿ."

ಹಗುರ ಆಯಿತು ಎನ್ನುವಾಗ ಅವಳ ಕೈ ಬೆನ್ನ ಹಿಂದೆ ಹೋಗಿ ಜಡೆಯನ್ನು ಹುಡುಕಿ ಬರಿಗೈಯಲ್ಲಿ ಬಂತು. ಅವಳ ಗಮನಕ್ಕೆ ಬಂತೋ ಇಲ್ಲವೋ ತಿಳಿಯದು. ನಾನು ನೋಡಿದೆ.

ಮನೆಯಲ್ಲಿ ನಾನು ಔಷಧಿ ಹಚ್ಚಿಕೊಂಡಿದ್ದೆ — ಒಂದೇ ಸಲ. ಮುಗಿಯಿತು ಎಂದುಕೊಂಡೆ. ಸೀರುಗಳು ಒಡೆದು ಮತ್ತೆ ಹೇನಾಗುವುದು ಆಗ ನನಗೆ ಗೊತ್ತಿರಲಿಲ್ಲ. ದುರುಗಮ್ಮ ಹೋದ ಮೇಲೂ ಸ್ಯಾಂಪಲ್ ರೂಮಿನಲ್ಲಿ ತುರಿಕೆ ಮತ್ತೆ ಶುರುವಾಯಿತು. "ಅಕಿ ಬಿತ್ತಿ ಹೋದ ಬೀಜ" ಎಂದಳು ಶಾಂತಮ್ಮ. ಕೊನೆಗೆ ಆಸ್ಪತ್ರೆಯಿಂದ ಒಬ್ಬ ನರ್ಸ್ ಬಂದು ಎಲ್ಲರ ತಲೆಯನ್ನೂ ನೋಡಿ ಹೀಗೆ ಹೇಳಿದರು: ಹೇನಿದ್ದವರೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು. ವಾರ ಕಳೆದು ಮತ್ತೊಮ್ಮೆ ಹಚ್ಚಬೇಕು. ಒದ್ದೆ ಕೂದಲನ್ನು ಸೀರಣಿಗೆಯಿಂದ ಬಾಚುತ್ತಿರಬೇಕು. ಮನೆಯವರ ತಲೆಯನ್ನೂ ನೋಡಬೇಕು. ಹೆಲ್ಮೆಟ್ಟು, ಬಾಚಣಿಗೆ, ತಲೆಗೆ ಕಟ್ಟುವ ಬಟ್ಟೆ ಅವರವರದೇ ಇರಲಿ. ಸೀಮೆಎಣ್ಣೆ ಮಾತ್ರ ಯಾರೂ ಹಚ್ಚಬೇಡಿ, ಬೆಂಕಿ ತಾಗಿದರೆ ಗತಿಯಿಲ್ಲ. ಆಮೇಲೆ ನಗುತ್ತ ಹೇಳಿದರು — ಹೆಲ್ಮೆಟ್ಟಿಗಿಂತ ಹೆಚ್ಚಾಗಿ ಇದು ತಲೆಗೆ ತಲೆ ತಾಗಿಯೇ ಬರುವುದು. ತಲೆ ಬಿಟ್ಟರೆ ಒಂದೆರಡು ದಿನಕ್ಕೆ ಸತ್ತೇ ಹೋಗುತ್ತದೆ.

ಈಗ ಯಾರಾದರೂ ಲೆಕ್ಕ ಹಾಕುತ್ತಾರೆ, ಹಾಗಾದರೆ ದುರುಗಮ್ಮ ಎಂಟು ದಿನ ಮುಟ್ಟದ ಸಿಂಬಿಯಲ್ಲಿ ಹೇನು ಹೇಗೆ ನಡೆಯಿತು ಎಂದು ಕೇಳುತ್ತಾರೆ ಎಂದುಕೊಂಡೆ. ಯಾರೂ ಕೇಳಲಿಲ್ಲ. ಊಟದ ಹೊತ್ತಿಗೆ ನಾವೆಲ್ಲ ಒಂದೇ ಫೋನಿನ ಮೇಲೆ ತಲೆಗೆ ತಲೆ ತಾಗಿಸಿ ಧಾರಾವಾಹಿ ನೋಡುತ್ತಿದ್ದೆವು. ಆದ್ದರಿಂದ ಹೇನು ಹೆಲ್ಮೆಟ್ಟಿನಿಂದಲೇ ಹಬ್ಬಿತು ಎಂದೂ ನಾನು ಆಣೆ ಮಾಡಲಾರೆ. ನನ್ನಿಂದ ಹಬ್ಬಿತು — ಅಷ್ಟನ್ನು ಹೇಳಬಲ್ಲೆ.

ಮುಂದೆ ನಾನೇ ಓಡಾಡಿ ಪ್ರತಿ ಹೆಂಗಸಿಗೂ ಅವಳ ಹೆಸರು ಬರೆದ ಹೆಲ್ಮೆಟ್ಟು, ಒಳಗೆ ಹಾಕಿಕೊಳ್ಳಲು ಎರಡೆರಡು ಹತ್ತಿ ಟೊಪ್ಪಿಗೆ ಕೊಡಿಸಿದೆ. ಗಣಿ ನೋಡಲು ಹೊರಗಿನಿಂದ ಬಂದವರು ಹಾಕಿಕೊಂಡ ಹೆಲ್ಮೆಟ್ಟನ್ನು ಸೋಪುನೀರಿನಲ್ಲಿ ಒರೆಸಿ, ಎರಡು ದಿನ ಸುಮ್ಮನೆ ತೂಗುಹಾಕಿ, ಆಮೇಲೆಯೇ ಇನ್ನೊಬ್ಬರಿಗೆ ಕೊಡಬೇಕು ಎಂಬ ನಿಯಮವೂ ನನ್ನದೇ. ಯಾಕೆ ಎರಡು ದಿನ ಎಂದು ಸೂಪರ್‌ವೈಸರ್ ಕೇಳಲಿಲ್ಲ. ಸುರಕ್ಷತಾ ಸಪ್ತಾಹದಲ್ಲಿ ವೇದಿಕೆಗೆ ಕರೆದು ಗೋಡೆ ಗಡಿಯಾರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೂರದಲ್ಲಿ, ಬಾವುಟ ಕಂಕುಳಲ್ಲಿ ಇಟ್ಟುಕೊಂಡು, ದುರುಗಮ್ಮನೂ ತಟ್ಟಿದಳು.

ದುರುಗಮ್ಮ ಈಗ ಕೆಲಸ ಬಿಟ್ಟಿದ್ದಾಳೆ. ಧೂಳು ಎದೆಗೆ ಹಿಡಿದು ಕೆಮ್ಮು. ಆರು ತಿಂಗಳ ಹಿಂದೆ ಅವಳ ಮಗಳು ರೇಣುಕಾ ನಮ್ಮ ಸ್ಯಾಂಪಲ್ ರೂಮಿಗೆ ಸೇರಿದಳು. ಮೊದಲ ದಿನವೇ ಶಾಂತಮ್ಮ, "ಅವ್ವನ ಸಿಂಬಿ ತಂದೀಯೇನಲೇ?" ಎಂದಳು. ಹೇನು ಹೋಗಿ ಎಷ್ಟೋ ವರ್ಷವಾಗಿತ್ತು, ಹೆಸರು ಹೋಗಿರಲಿಲ್ಲ. ಹೊಸದಾಗಿ ಸೇರಿದವರಿಗೂ ಆ ಕತೆ ಗೊತ್ತು. ಬಸ್ಸಿನಲ್ಲಿ ರೇಣುಕಾಳ ಪಕ್ಕ ಯಾರೂ ಕೂರುವುದಿಲ್ಲ. ಆ ಹುಡುಗಿಗೆ ಒಂದು ಅಭ್ಯಾಸವಾಗಿದೆ: ಹೆಲ್ಮೆಟ್ಟು ಹಾಕಿಕೊಳ್ಳುವ ಮೊದಲು ಅದನ್ನು ಬೋರಲು ಹಿಡಿದು, ಎಲ್ಲರಿಗೂ ಕಾಣುವಂತೆ ಕೈಯಿಂದ ತಟ್ಟುತ್ತಾಳೆ. ಏನೂ ಬೀಳುವುದಿಲ್ಲ. ಆಮೇಲೆ ಹಾಕಿಕೊಳ್ಳುತ್ತಾಳೆ. ದಿನಾ. ಕಳೆದ ವಾರ ಕೆಲಸ ಬಿಡುತ್ತೇನೆ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, "ಸುಮ್ನ ರೀ, ಮೇಡಂ" ಎಂದಳು.

ಈ ಹೊತ್ತು ಭಾನುವಾರ. ಬೆಳಿಗ್ಗೆ ಯಶವಂತನಗರಕ್ಕೆ ಹೋಗಿ ದುರುಗಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಾಗಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು. ಸೀಸೆಯ ವಿಷಯ ಬಂದಾಗ ಮಾತ್ರ ನಿಲ್ಲಿಸಿದಳು.

"ಶೀಸ್ಯಾಗ ಹಾಕಿ ನೋಡಿದ್ರ್ಯಾ? ಎರಡು ದಿನಕ್ಕ ಸತ್ತಿತ್ತಾ?"

"ಹೌದು."

"ನಾ ನಿಮ್ಮನ್ನ ಕೇಳೂ ಮೊದಲೋ, ಆಮ್ಯಾಗೋ?"

"ಮೊದಲು."

ಅವಳು ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅನಿಸಿತು.

"ಅಕ್ಕಾರ, ನಂದಲ್ಲ ಅಂತ ನನಗ ಅವತ್ತ ಗೊತ್ತಿತ್ತು," ಎಂದಳು. "ಗೊತ್ತಿದ್ದಾಕಿಗೆ ಬಂದು ಹೇಳಾಕ ಹತ್ತೀರಿ. ಗೊತ್ತಿಲ್ಲದೋರು ದಿನಾ ನಿಮ್ಮ ಬಸ್ನ್ಯಾಗ ಕುಂದ್ರತಾರಲ್ರಿ."

ಚಹಾ ಕೊಡಲಿಲ್ಲ. ನಾನೂ ಕಾಯಲಿಲ್ಲ.

ಇದನ್ನು ಮೊದಲು ಬರೆದಿಟ್ಟುಕೊಳ್ಳುತ್ತಿರುವುದು ನಾಳೆ ಬಸ್ಸಿನಲ್ಲಿ ಎಲ್ಲರೆದುರು ಬಾಯಲ್ಲಿ ಹೇಳುವಾಗ ಯಾವ ಭಾಗವನ್ನೂ ನುಂಗಬಾರದು ಎಂದು — ಅದರಲ್ಲೂ ಎರಡನೆಯ ಮಾತನ್ನು. ಬಸ್ಸು ಹೊಸಪೇಟೆ ಬಿಡುತ್ತದೆ, ಸಂಡೂರಿನಲ್ಲಿ ಶಾಂತಮ್ಮ ಹತ್ತುತ್ತಾಳೆ, ರೇಣುಕಾ ಯಶವಂತನಗರದಲ್ಲಿ. ಅವಳು ಹತ್ತುವ ಮೊದಲೇ ಹೇಳಿ ಮುಗಿಸಿಬಿಟ್ಟರೆ ಅವಳ ಮುಖ ನೋಡಬೇಕಾಗಿಲ್ಲ ಎಂಬ ಯೋಚನೆ ಬಂದು ಹೋಯಿತು. ಆದರೆ ಆ ದಿನ ನಾನು ಆ ಮಾತು ಆಡಿದಾಗ ಅವಳ ತಾಯಿ ಎದುರಿಗೇ ನಿಂತಿದ್ದಳು.

ರೇಣುಕಾ ಹತ್ತಿದ ಮೇಲೆಯೇ ಹೇಳುತ್ತೇನೆ. ಅವಳ ಪಕ್ಕದ ಸೀಟು ಹೇಗೂ ಖಾಲಿ ಇರುತ್ತದೆ.